ಗುರು–ಶನಿಗಳ ಲೆಕ್ಕದಲ್ಲಿ ಉಳಿದ ಶೇಷ

ಸಂಸ್ಥೆಗೆ ಅರವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನನ್ನ ಮನಸ್ಸು ಮೊದಲು ಹರಿದದ್ದು ಆ ಅರವತ್ತು ಎಂಬ ಸಂಖ್ಯೆಯ ಕಡೆಗೆ. ಮನುಷ್ಯನಿಗೆ ಅರವತ್ತಾದರೆ ಷಷ್ಟ್ಯಬ್ದಿ ಮಾಡುತ್ತೇವೆ. ಸಂಸ್ಥೆಗೆ ಅರವತ್ತಾದರೆ ವಜ್ರಮಹೋತ್ಸವವೆನ್ನುತ್ತೇವೆ. ಹತ್ತಕ್ಕೂ ಇಪ್ಪತ್ತಕ್ಕೂ ನಮ್ಮ ಕೈಬೆರಳು ಕಾಲ್ಬೆರಳುಗಳ ಆಧಾರವಿದೆ. ಅರವತ್ತು ವರ್ಷಗಳ ಆವೃತ್ತಿಗೆ ಆಧಾರವಿರುವುದು ಆಕಾಶದಲ್ಲಿ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರಕ್ಕೆ ಬಾರ್ಹಸ್ಪತ್ಯ ಚಕ್ರವೆಂದೇ ಹೆಸರು. ಗುರುಗ್ರಹವು ರಾಶಿಚಕ್ರವನ್ನು ಐದು ಸಲ ಸುತ್ತಿ ಬರುವ ಕಾಲ ಅದು.

ಗುರುವಿನ ಒಂದು ಸುತ್ತಿಗೆ 11.86 ವರ್ಷ ಹಿಡಿಯುತ್ತದೆ. ಐದು ಸುತ್ತಿಗೆ ಸುಮಾರು 59 ವರ್ಷ 4 ತಿಂಗಳು. ಶನಿಯ ಒಂದು ಸುತ್ತಿಗೆ 29.46 ವರ್ಷ, ಎರಡು ಸುತ್ತಿಗೆ ಸುಮಾರು 58 ವರ್ಷ 11 ತಿಂಗಳು. ಗುರು ಐದು ಸುತ್ತು ಮುಗಿಸುವಷ್ಟರಲ್ಲಿ ಶನಿ ಎರಡು ಸುತ್ತು ಮುಗಿಸಿರುತ್ತಾನೆ. ಎರಡೂ ಮೊತ್ತಗಳ ನಡುವಣ ಅಂತರ ಐದು ತಿಂಗಳು ಕೂಡ ತುಂಬದು. ಐದಕ್ಕೆ ಎರಡು ಎಂಬ ಈ ಹೊಂದಿಕೆಯ ವಿಷಯವಾಗಿ, ಅದಕ್ಕಿಂತ ಮಿಗಿಲಾಗಿ ಹೊಂದದೆ ಉಳಿದ ಆ ಐದು ತಿಂಗಳ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ನಮ್ಮ ಶಾಲೆಗಳಲ್ಲಿ ಪಂಚಾಂಗವನ್ನು ಒಂದೋ ಪೂಜಿಸುತ್ತಾರೆ, ಇಲ್ಲವೇ ಮೂಲೆಗೆಸೆಯುತ್ತಾರೆ. ಅದನ್ನು ತೆರೆದು ಲೆಕ್ಕ ಹಾಕಿ ನೋಡುವವರು ವಿರಳ. ಇದು ಹೀಗೆಯೇ ಮುಂದುವರಿಯಬಾರದೆಂಬುದು ನನ್ನ ಅಭಿಪ್ರಾಯ.

2020ನೆಯ ಇಸವಿಯ ಡಿಸೆಂಬರ್ 21ರ ಸಂಜೆ ನಗರದ ಕೋಟೆಯ ದಿಣ್ಣೆಯ ಮೇಲೆ ನೆರೆಹೊರೆಯ ನಾಲ್ಕಾರು ಮಕ್ಕಳೊಡನೆ ನಿಂತಿದ್ದೆ. ಸಾಂಕ್ರಾಮಿಕದ ಕಾರಣ ಶಾಲೆಗಳು ಸರಿಯಾಗಿ ನಡೆಯದಿದ್ದ ದಿನಗಳು ಅವು. ನಮ್ಮ ಮಲೆನಾಡಿನಲ್ಲಿ ಪಡುವಣ ದಿಗಂತವನ್ನು ಕಾಣಬೇಕಾದರೆ ಎತ್ತರದ ಬಯಲನ್ನು ಹುಡುಕಬೇಕು. ಉಳಿದೆಡೆ ಕಾಡೂ ಗುಡ್ಡವೂ ಅಡ್ಡ ಬರುತ್ತವೆ. ಸೂರ್ಯ ಮುಳುಗಿದ ಮೇಲೆ ನೈರುತ್ಯದಲ್ಲಿ ಗುರು–ಶನಿಗಳು ಒಂದನ್ನೊಂದು ಮುಟ್ಟುವಂತೆ ಕಂಡುವು. ನಡುವಣ ಅಂತರ ಒಂದು ಅಂಶದ ಹತ್ತನೆಯ ಒಂದು ಭಾಗ ಮಾತ್ರ. ಅಂದು ಒಬ್ಬ ಹುಡುಗಿ ಕೇಳಿದಳು: “ಸಾರ್, ಶನಿ ನಮ್ಮನ್ನು ಹಿಡಿಯುತ್ತಾನೆ ಎನ್ನುತ್ತಾರಲ್ಲ, ಇಷ್ಟು ಹತ್ತಿರ ಬಂದ ಮೇಲೆ ಗುರುವನ್ನೂ ಹಿಡಿಯುತ್ತಾನೆಯೆ?”

ಮಕ್ಕಳು ನಕ್ಕರು. ನಾನು ನಗಲಿಲ್ಲ. ಖಗೋಳವಿಜ್ಞಾನದ ಚರಿತ್ರೆಯಲ್ಲಿ ನೂರು ವರ್ಷ ಘಟಾನುಘಟಿಗಳ ನಿದ್ದೆ ಕೆಡಿಸಿದ ಪ್ರಶ್ನೆ ಅದೇ ಆಗಿತ್ತು. ಗುರುವನ್ನು ಶನಿ ಹಿಡಿಯುತ್ತಾನೆ. ಶನಿಯನ್ನು ಗುರು ಇನ್ನೂ ಬಲವಾಗಿ ಹಿಡಿಯುತ್ತಾನೆ.

ನ್ಯೂಟನ್ನನ ಗುರುತ್ವ ನಿಯಮ ಪ್ರಕಟವಾದದ್ದು 1687ರಲ್ಲಿ. ಪ್ರತಿಯೊಂದು ಗ್ರಹವೂ ಇನ್ನೊಂದನ್ನು ಸೆಳೆಯುತ್ತದೆಯೆಂದ ಮೇಲೆ ಗ್ರಹಗಳ ನಡಿಗೆಯಲ್ಲಿ ಏರುಪೇರು ಕಾಣಲೇಬೇಕು. 1695ರಲ್ಲಿ ಹ್ಯಾಲಿ ಪ್ರಾಚೀನರ ವೀಕ್ಷಣೆಗಳನ್ನು ತನ್ನ ಕಾಲದ ವೀಕ್ಷಣೆಗಳೊಡನೆ ಹೋಲಿಸಿ, ಗುರು ವೇಗವಾಗುತ್ತಿದ್ದಾನೆ, ಶನಿ ನಿಧಾನವಾಗುತ್ತಿದ್ದಾನೆ ಎಂದು ಕಂಡುಕೊಂಡ. ಇದು ಹೀಗೆಯೇ ಸಾಗಿದರೆ ಗುರು ಸುರುಳಿಸುತ್ತುತ್ತ ಸೂರ್ಯನ ಕಡೆಗೆ ಬರಬೇಕು, ಶನಿ ಸೌರವ್ಯೂಹವನ್ನೇ ಬಿಟ್ಟು ದೂರ ಸರಿಯಬೇಕು. ಸೌರವ್ಯೂಹ ಕಾಲಕಾಲಕ್ಕೆ ದುರಸ್ತಿಯನ್ನು ಬೇಡುತ್ತದೆಯೆಂದು ನ್ಯೂಟನ್ನನೇ ಶಂಕಿಸಿದ್ದ. ಮಹಾಗಣಿತಜ್ಞ ಆಯ್ಲರನು ಈ ಸಮಸ್ಯೆಯ ಮೇಲೆ ಬರೆದು ಪ್ಯಾರಿಸ್ಸಿನ ಅಕಾಡೆಮಿಯ ಬಹುಮಾನವನ್ನು ಪಡೆದರೂ ಗಂಟು ಬಿಚ್ಚಲಿಲ್ಲ. ಅದು ಬಿಚ್ಚಿದ್ದು 1785ರಲ್ಲಿ, ಲಾಪ್ಲಾಸನ ಕೈಯಲ್ಲಿ. ಬಿಚ್ಚಿದ ಎಳೆ ಆ ಐದು ತಿಂಗಳ ಶೇಷವೇ.

ಇದನ್ನು ಮಕ್ಕಳಿಗೆ ತಿಳಿಸಲು ನಾನು ನಮ್ಮ ಅಡಿಕೆ ತೋಟದ ಕೊನೆಗಾರನನ್ನು ಕರೆತರುತ್ತೇನೆ. ಆತ ಒಂದು ಮರದ ಗೊನೆ ಕೊಯ್ದು ಮುಗಿಸಿ, ಕೆಳಗಿಳಿಯದೆ, ಮರವನ್ನು ತೂಗಿ ಪಕ್ಕದ ಮರವನ್ನು ಹಿಡಿದುಕೊಳ್ಳುತ್ತಾನೆ. ಒಂದೇ ನೂಕಿಗೆ ಅಷ್ಟು ಎತ್ತರದ ಮರ ಬಾಗುವುದಿಲ್ಲ. ಮರ ತಾನಾಗಿ ಓಲಾಡುವ ಲಯವೊಂದಿದೆ. ಆ ಲಯಕ್ಕೆ ಸರಿಯಾಗಿ ಮೈಭಾರವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋದರೆ ಓಲಾಟ ಬೆಳೆಯುತ್ತದೆ. ಲಯ ತಪ್ಪಿ ತೂಗಿದರೆ ಒಂದು ತೂಗು ಇನ್ನೊಂದನ್ನು ಕೊಲ್ಲುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಅನುರಣನವೆಂದು ಹೆಸರು. ಗ್ರಹಗಳ ಸುತ್ತುಗಳು ಚಿಕ್ಕ ಪೂರ್ಣಾಂಕಗಳ ಪ್ರಮಾಣದಲ್ಲಿ ಹೊಂದಿಕೊಂಡರೆ ಅವು ಒಂದನ್ನೊಂದು ಸೆಳೆಯುವ ಸ್ಥಳ ಮತ್ತೆ ಮತ್ತೆ ಅದೇ ಆಗುತ್ತದೆ. ಅಲ್ಪವಾದ ಸೆಳೆತ ಕೂಡಿ ಕೂಡಿ ದೊಡ್ಡದಾಗುತ್ತದೆ.

ಗುರು–ಶನಿಗಳ ಯುತಿ ಸುಮಾರು 19 ವರ್ಷ 10 ತಿಂಗಳಿಗೊಮ್ಮೆ ನಡೆಯುತ್ತದೆ. ಪ್ರತಿ ಯುತಿಯೂ ಹಿಂದಿನದರಿಂದ ರಾಶಿಚಕ್ರದ ಮೂರನೆಯ ಒಂದು ಭಾಗದಷ್ಟು ಸರಿದು ಬರುತ್ತದೆ. ನಮ್ಮ ನಿರಯನ ರಾಶಿಗಳಲ್ಲಿ ಹೇಳುವುದಾದರೆ 1961ರದು ಮಕರದಲ್ಲಿ, 1981ರದು ಕನ್ಯೆಯಲ್ಲಿ, 2000ದದು ಮೇಷದಲ್ಲಿ. 2020ರದು ಮರಳಿ ಮಕರದಲ್ಲಿ. ಹೀಗೆ ಆಕಾಶದಲ್ಲಿ ಒಂದು ತ್ರಿಕೋನ ಮೂಡುತ್ತದೆ. ಐದಕ್ಕೆ ಎರಡು ಎಂಬುದು ಪೂರ್ತಿ ನಿಜವಾಗಿದ್ದರೆ ಆ ತ್ರಿಕೋನ ಎಂದೆಂದಿಗೂ ಕದಲುತ್ತಿರಲಿಲ್ಲ. ಶೇಷವಿರುವುದರಿಂದ ಮೂರು ಯುತಿಗಳಿಗೊಮ್ಮೆ ಅದು ಸರಾಸರಿ ಎಂಟು ಅಂಶದಷ್ಟು ಮುಂದೆ ತಿರುಗುತ್ತದೆ. ತ್ರಿಕೋನದ ಒಂದು ಮೂಲೆ ಮುಂದಿನ ಮೂಲೆಯ ಸ್ಥಾನಕ್ಕೆ ಬರಲು ಸುಮಾರು 900 ವರ್ಷ ಬೇಕು. ಇಂದಿನ ಲೆಕ್ಕದಲ್ಲಿ 883. ಅಷ್ಟು ಕಾಲದಲ್ಲಿ ಗುರುವಿನ ಸ್ಥಾನ ಸಮಗತಿಯ ಲೆಕ್ಕದಿಂದ ಹೆಚ್ಚೆಂದರೆ 20 ಕಲೆಗಳಷ್ಟು, ಶನಿಯ ಸ್ಥಾನ 48 ಕಲೆಗಳಷ್ಟು ಅತ್ತಿತ್ತ ಸರಿದು ಮರಳುತ್ತದೆ. ಹುಣ್ಣಿಮೆಯ ಚಂದ್ರಬಿಂಬದ ಅಗಲ ಸುಮಾರು 31 ಕಲೆ. ಶನಿಯು ಒಂದೂವರೆ ಚಂದ್ರಬಿಂಬದಷ್ಟು ದಾರಿ ಮುಂದಾಗುತ್ತಾನೆ ಅಥವಾ ಹಿಂದಾಗುತ್ತಾನೆ. ಹ್ಯಾಲಿ ಕಂಡದ್ದು ಈ ಅಲೆಯ ಒಂದು ಇಳಿಜಾರನ್ನು. ವಿನಾಶವೆಂದು ತೋರಿದ್ದು ಒಂಬತ್ತು ಶತಮಾನಗಳ ಉಸಿರಾಟವಾಗಿತ್ತು.

ಒಂಬತ್ತು ಶತಮಾನವೆಂದರೆ ಎಷ್ಟು? ನಮ್ಮ ತಾಲ್ಲೂಕಿನ ಹುಂಚದ ಪಂಚಕೂಟ ಬಸದಿಯ ಕಾಲ ಕ್ರಿ.ಶ. 1077, ಶಕವರ್ಷ 999, ಪಿಂಗಳ ಸಂವತ್ಸರ. 1977ರ ಯುಗಾದಿಗೆ ಬಂದ ಸಂವತ್ಸರವೂ ಪಿಂಗಳವೇ. ನಡುವೆ ಹದಿನೈದು ಚಕ್ರಗಳು ಕಳೆದಿದ್ದುವು. ಸಾಂತರಸರ ಕಲ್ಲುಕುಟಿಗರು ಆ ಕಂಬಗಳನ್ನು ನಿಲ್ಲಿಸುತ್ತಿದ್ದಾಗ ಶನಿ ತನ್ನ ಅಲೆಯ ಯಾವ ಹಂತದಲ್ಲಿದ್ದನೋ ಹತ್ತಿರಹತ್ತಿರ ಅದೇ ಹಂತಕ್ಕೆ ನಮ್ಮ ಕಣ್ಣೆದುರಿನ ಕಾಲದಲ್ಲಿ ಬಂದು ನಿಂತಿದ್ದಾನೆ. ನಗರ, ಸಾಗರ, ತೀರ್ಥಹಳ್ಳಿಗಳ ಶಾಸನಗಳನ್ನು ರೈಸರು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟವನ್ನು ತೆರೆದವರಿಗೆ ಶಕವರ್ಷದ ಜೊತೆಗೆ ಸಂವತ್ಸರದ ಹೆಸರನ್ನೂ ಬರೆಯುವ ಪದ್ಧತಿ ಪರಿಚಿತವಾದದ್ದೇ. ಶಾಸನದ ಅಂಕಿ ಸವೆದುಹೋಗಿದ್ದಲ್ಲಿ ಸಂವತ್ಸರದ ಹೆಸರು ಕಾಲನಿರ್ಣಯಕ್ಕೆ ನೆರವಾಗುತ್ತದೆ.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ಗುರು ಒಂದು ರಾಶಿಯನ್ನು ದಾಟುವ ಕಾಲ ಸುಮಾರು 361 ದಿನ. ಸೌರವರ್ಷಕ್ಕೆ ನಾಲ್ಕು ದಿನ ಕಡಿಮೆ. ಆದುದರಿಂದ ಉತ್ತರ ಭಾರತದಲ್ಲಿ ಸುಮಾರು 85 ವರ್ಷಗಳಿಗೊಮ್ಮೆ ಒಂದು ಸಂವತ್ಸರವನ್ನು ಲುಪ್ತವೆಂದು ಬಿಟ್ಟು ಹೆಸರನ್ನು ಗ್ರಹದ ಜೊತೆ ಹೊಂದಿಸುತ್ತ ಬಂದರು. ದಕ್ಷಿಣದ ನಾವು ಹತ್ತನೆಯ ಶತಮಾನದ ಆದಿಭಾಗದಿಂದೀಚೆಗೆ ಹಾಗೆ ಬಿಡುವುದನ್ನು ನಿಲ್ಲಿಸಿದೆವು. ಪರಿಣಾಮವಾಗಿ ನಮ್ಮ ಸಂವತ್ಸರಕ್ಕೂ ಅವರ ಸಂವತ್ಸರಕ್ಕೂ ಈಗ ಹತ್ತಕ್ಕೆ ಮಿಕ್ಕ ಹೆಸರುಗಳ ಅಂತರವಿದೆ. ನಮ್ಮಲ್ಲಿ ಹೆಸರು ಉಳಿಯಿತು, ಗ್ರಹ ನಡೆದುಹೋಯಿತು. ಅರವತ್ತು ತುಂಬಿದವನ ಷಷ್ಟ್ಯಬ್ದಿಯ ದಿನ ಗುರು ಅವನ ಜನ್ಮಕಾಲದ ಸ್ಥಾನದಿಂದ ಸುಮಾರು 21 ಅಂಶ, ಶನಿ ಸುಮಾರು 13 ಅಂಶ ಮುಂದಿರುತ್ತಾರೆ. ಇದು ಪಂಚಾಂಗದ ತಪ್ಪಲ್ಲ. ಆದರೆ ಸಂವತ್ಸರದ ಹೆಸರಿನಿಂದಲೇ ಫಲವನ್ನು ಓದಿ ಹೇಳುವವರು ಈ ಅಂತರವನ್ನು ಬಲ್ಲರೆ ಎಂದು ಕೇಳುವ ಹಕ್ಕು ಶ್ರೋತೃಗಳಿಗಿದೆ.

ಇನ್ನು ನಮ್ಮವರಲ್ಲಿ ಇನ್ನೊಂದು ಬಗೆಯವರಿದ್ದಾರೆ. ಎಲ್ಲವೂ ಐದು ಸಾವಿರ ವರ್ಷಗಳ ಹಿಂದೆಯೇ ನಮಗೆ ತಿಳಿದಿತ್ತು ಎನ್ನುವವರು. ಅವರಿಗೊಂದು ಕಥೆಯುಂಟು. ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣ ಭಾರತದ ಜೋಯಿಸರಿಂದ ಫ್ರೆಂಚರು ಪಡೆದುಕೊಂಡು ಹೋದ ಗ್ರಹಗಣಿತದ ಕೋಷ್ಟಕಗಳನ್ನು ಆಧರಿಸಿ ಬೇಯಿ ಎಂಬ ಪಂಡಿತನು 1787ರಲ್ಲಿ ಗ್ರಂಥವೊಂದನ್ನು ಬರೆದು, ಕಲಿಯುಗದ ಆದಿಯಾದ ಕ್ರಿ.ಪೂ. 3102ರಲ್ಲಿಯೇ ಭಾರತೀಯರು ಗ್ರಹಗಳನ್ನು ಅಳೆದಿದ್ದರೆಂದು ವಾದಿಸಿದ. ಲಾಪ್ಲಾಸನು ತನ್ನ ಹೊಸ ಸಿದ್ಧಾಂತದಿಂದ ಆ ಕಾಲದ ಗುರು–ಶನಿಗಳ ಗತಿಯನ್ನು ಗಣಿಸಿ ನೋಡಿದಾಗ ಭಾರತೀಯ ಕೋಷ್ಟಕದ ಗತಿ ಅದಕ್ಕೆ ಆಶ್ಚರ್ಯಕರವಾಗಿ ಸರಿಹೊಂದಿತು! ನಮ್ಮ ಅಭಿಮಾನಿಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅಲೆಯು 900 ವರ್ಷಗಳಿಗೊಮ್ಮೆ ಮರಳುತ್ತದೆಯಷ್ಟೆ? ಕ್ರಿ.ಪೂ. 3102ಕ್ಕೆ ಒಪ್ಪುವ ಗತಿ ಅಂಥ ನಾಲ್ಕು ಅಲೆಗಳ ಅನಂತರವೂ, ಎಂದರೆ ಸುಮಾರು 3600 ವರ್ಷಗಳ ಮೇಲೆಯೂ ಒಪ್ಪಬೇಕು. ಕಲಿಯುಗದ ಅರವತ್ತು ಅರವತ್ತುಗಳ ವರ್ಷ ಕಳೆದಾಗ ತನಗೆ 23 ವಯಸ್ಸಾಗಿತ್ತೆಂದು ಆರ್ಯಭಟನು ತಾನೇ ಹೇಳಿಕೊಂಡಿದ್ದಾನೆ. ಅದು ಕ್ರಿ.ಶ. 499. ಕೋಷ್ಟಕ ಸಾಕ್ಷ್ಯ ನುಡಿಯುವುದು ಆರ್ಯಭಟನ ಕಾಲದ ಆಸುಪಾಸಿನ ಕಣ್ಣುಗಳಿಗೆಂದು ತಿಳಿಯುವುದೇ ಯುಕ್ತ. ಭಾರತೀಯ ಕೋಷ್ಟಕಗಳ ಅತಿಪ್ರಾಚೀನತೆಯನ್ನು ಲಾಪ್ಲಾಸನೂ ಮುಂದೆ ಕೈಬಿಟ್ಟನು. ಇದರಿಂದ ನಮ್ಮ ಗೌರವಕ್ಕೇನೂ ಕುಂದಿಲ್ಲ. ಆರ್ಯಭಟನು 43,20,000 ವರ್ಷಗಳ ಮಹಾಯುಗಕ್ಕೆ ಗುರುವಿಗೆ 3,64,224 ಭಗಣಗಳನ್ನೂ ಶನಿಗೆ 1,46,564 ಭಗಣಗಳನ್ನೂ ಹೇಳಿದ್ದಾನೆ. ಭಾಗಿಸಿದರೆ 2.485 ಬರುತ್ತದೆ, ಇಂದಿನ ಬೆಲೆ 2.483. ಪೂರ್ತಿ ಎರಡೂವರೆಯಲ್ಲವೆಂಬುದು ದೂರದರ್ಶಕವಿಲ್ಲದ ಆ ಕಾಲದಲ್ಲಿಯೇ ಗೊತ್ತಿತ್ತು. ಅನಂತರದವರು ಕಣ್ಣಿಗೂ ಲೆಕ್ಕಕ್ಕೂ ವ್ಯತ್ಯಾಸ ಕಂಡಾಗ ಬೀಜಸಂಸ್ಕಾರವೆಂಬ ತಿದ್ದುಪಡಿಯನ್ನು ಹೇಳಿದರು. ನಾನು ಹೆಮ್ಮೆಪಡುವುದು ಆ ತಿದ್ದುಪಡಿಯ ಬಗೆಗೆ.

ಶೇಷವಿಲ್ಲದೆ ಪೂರ್ತಿ ಹೊಂದಿಕೊಂಡ ಗ್ರಹಗಳೂ ಉಂಟು. ಗುರುವಿನ ಉಪಗ್ರಹಗಳಲ್ಲಿ ಗ್ಯಾನಿಮೀಡ್ ಒಂದು ಸುತ್ತು ಬರುವಷ್ಟರಲ್ಲಿ ಯುರೋಪ ಎರಡು, ಅಯೋ ನಾಲ್ಕು ಸುತ್ತು ಬರುತ್ತವೆ. ಈ ಹಿಡಿತದಿಂದ ಅಯೋ ಒಡಲು ಸತತವಾಗಿ ಹಿಸುಕಿಸಿಕೊಂಡು ಕುದಿಯುತ್ತಿರಬೇಕೆಂದು 1979ರ ಮಾರ್ಚಿಯಲ್ಲಿ ಮೂವರು ವಿಜ್ಞಾನಿಗಳು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ವಾಯೇಜರ್ ನೌಕೆಯ ಚಿತ್ರದಲ್ಲಿ ಅಯೋದ ಜ್ವಾಲಾಮುಖಿ ಕಂಡಿತು. ಪ್ಲೂಟೊ ಎರಡು ಸುತ್ತು ಬರುವಷ್ಟರಲ್ಲಿ ನೆಪ್ಚೂನ್ ಮೂರು ಸುತ್ತು ಬರುತ್ತದೆ. ಪ್ಲೂಟೊ ನೆಪ್ಚೂನಿನ ಕಕ್ಷೆಯೊಳಕ್ಕೆ ನುಸುಳಿ ಬರುತ್ತದಾದರೂ (1979ರಿಂದ 1999ರವರೆಗೆ ಹಾಗೆ ಬಂದಿತ್ತು) ಆ ಹೊಂದಿಕೆಯ ಕಾರಣ ಎರಡೂ ಎಂದಿಗೂ ಸಮೀಪಿಸುವುದಿಲ್ಲ. ಅಲ್ಲಿ ಅನುರಣನವೇ ರಕ್ಷಕ. ಮಂಗಳ–ಗುರುಗಳ ನಡುವಣ ಕ್ಷುದ್ರಗ್ರಹಗಳಲ್ಲಿ, ಗುರುವಿನ ಒಂದು ಸುತ್ತಿಗೆ ಸರಿಯಾಗಿ ಮೂರು ಸುತ್ತು ಬರುವ ಜಾಗ ಬರಿದಾಗಿದೆಯೆಂದು 1866ರಲ್ಲಿ ಕರ್ಕ್‌ವುಡ್ ತೋರಿಸಿದ. ಅಲ್ಲಿ ಅದೇ ಅನುರಣನ ಭಕ್ಷಕ. ಹೊಂದಿಕೆಯೆಲ್ಲ ಶುಭ, ಅಹೊಂದಿಕೆಯೆಲ್ಲ ಅಶುಭ ಎಂಬ ಸುಲಭ ಸೂತ್ರ ಆಕಾಶದಲ್ಲಿ ನಡೆಯದು.

ಪ್ಲೂಟೊ ಆ ಹಿಡಿತಕ್ಕೆ ಸಿಕ್ಕಿದ್ದು ಹೇಗೆ? ದೆಹಲಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋದ ರೇಣು ಮಲ್ಹೋತ್ರಾ 1993ರಲ್ಲಿ ಕೊಟ್ಟ ಉತ್ತರ ಸೌರವ್ಯೂಹದ ಚರಿತ್ರೆಯ ಕಲ್ಪನೆಯನ್ನೇ ಬದಲಾಯಿಸಿತು. ನೆಪ್ಚೂನ್ ಹುಟ್ಟಿದಲ್ಲೇ ಇರಲಿಲ್ಲ. ಹೊರಗೆ ಸರಿಯುತ್ತ ಬಂದು ದಾರಿಯಲ್ಲಿ ಪ್ಲೂಟೊವನ್ನು ಅನುರಣನದ ಬಲೆಯಲ್ಲಿ ಹಿಡಿದು ತನ್ನೊಡನೆ ಒಯ್ದಿತು ಎಂದು ಆಕೆ ಗಣಿತದಿಂದ ತೋರಿಸಿದರು. ಗ್ರಹಗಳು ವಲಸೆ ಹೋಗುತ್ತವೆಯೆಂಬ ಮಾತು ಬೇರೂರಿತು. 2005ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ರೂಪುಗೊಂಡ ಸಿದ್ಧಾಂತದ ಪ್ರಕಾರ ಗುರು–ಶನಿಗಳು ಒಂದಕ್ಕೆ ಎರಡು ಎಂಬ ಅನುರಣನವನ್ನು ಹಾಯ್ದಾಗ ಹೊರಗಿನ ಗ್ರಹಗಳ ಕಕ್ಷೆಗಳು ಕದಡಿಹೋದುವು. ಅನಂತರದ ಪರಿಷ್ಕರಣೆಗಳಲ್ಲಿ ಆದಿಯಲ್ಲಿ ದೈತ್ಯಗ್ರಹಗಳೆಲ್ಲ ಅನುರಣನದ ಸರಪಳಿಯಲ್ಲಿ ಬಿಗಿಯಲ್ಪಟ್ಟಿದ್ದುವೆಂದೂ, ಸರಪಳಿ ಹರಿದಾಗ ಇನ್ನೊಂದು ದೈತ್ಯಗ್ರಹ ಸೌರವ್ಯೂಹದಿಂದಲೇ ಎಸೆಯಲ್ಪಟ್ಟಿರಬಹುದೆಂದೂ ಊಹಿಸಿದ್ದಾರೆ. ಇವು ಸಿದ್ಧಾಂತಗಳು, ನಾಳೆ ತಿದ್ದುಪಡಿ ಬರಬಹುದು. ಆದರೂ ನನ್ನ ಮನಸ್ಸನ್ನು ಸೆಳೆಯುವುದು ಇದು: ಇಂದಿನ ಐದಕ್ಕೆ ಎರಡರ ಸಮೀಪದ ಸ್ಥಿತಿ ಮೊದಲಿನದಲ್ಲ, ಹಿಡಿತವೊಂದು ಬಿಟ್ಟುಹೋದ ಮೇಲೆ ಗುರು–ಶನಿಗಳು ಬಂದು ನಿಂತ ಸ್ಥಿತಿ.

ಹರಿಯದೆ ಉಳಿದ ಸರಪಳಿಗಳೂ ಬೇರೆ ನಕ್ಷತ್ರಗಳ ಬಳಿ ಕಂಡಿವೆ. ಕುಂಭರಾಶಿಯಲ್ಲಿ ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್–1 ಎಂಬ ಮಂಕು ನಕ್ಷತ್ರಕ್ಕೆ ಏಳು ಗ್ರಹಗಳು. ಒಳಗಿನ ನಾಲ್ಕು ಗ್ರಹಗಳು ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಕ್ರಮವಾಗಿ 8, 5, 3, 2 ಸುತ್ತು ಬರುತ್ತವೆ. ಅದರ ಗ್ರಹಗಳನ್ನು ಮೊದಲು ಪ್ರಕಟಿಸಿದ 2016ರ ಪ್ರಬಂಧದಲ್ಲಿ ಲಡಾಖಿನ ಹಾನ್ಲೆಯ ಚಂದ್ರ ದೂರದರ್ಶಕದ ವೀಕ್ಷಣೆಗಳೂ ಸೇರಿವೆ. ಆ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯದು. ಅದನ್ನು ನಡೆಸುವ ಕೇಂದ್ರ ನಮ್ಮ ಹೊಸಕೋಟೆಯಲ್ಲಿದೆ. 2023ರಲ್ಲಿ ಪ್ರಕಟವಾದ ಎಚ್.ಡಿ. 110067 ಎಂಬ ನಕ್ಷತ್ರದ ವ್ಯವಸ್ಥೆಯಲ್ಲಿ ಆರು ಗ್ರಹಗಳಿದ್ದು, ಹೊರಗಿನದು ಒಂದು ಸುತ್ತು ಮುಗಿಸುವ 55 ದಿನಗಳಲ್ಲಿ ಒಳಗಿನದು ಆರು ಸುತ್ತು ಮುಗಿಸುತ್ತದೆ. ಅಂಥ ವ್ಯವಸ್ಥೆಗಳು ಅಲ್ಪಸಂಖ್ಯೆಯವು. ಬಹುತೇಕ ವ್ಯವಸ್ಥೆಗಳಲ್ಲಿ ಸರಪಳಿ ಎಂದೋ ಹರಿದಿದೆಯೆಂದು ಖಗೋಳಜ್ಞರ ಎಣಿಕೆ.

ಈಗ ಆ ಹುಡುಗಿಯ ಪ್ರಶ್ನೆಗೆ ಮರಳೋಣ. ಶನಿ ಗುರುವನ್ನು ಎಷ್ಟು ಹಿಡಿಯುತ್ತಾನೆಂಬುದಕ್ಕೆ ಲೆಕ್ಕವಿದೆ: 20 ಕಲೆ. ನಮ್ಮನ್ನು ಹಿಡಿಯುತ್ತಾನೆಂಬುದಕ್ಕೆ ಹೇಳುವ ಲೆಕ್ಕವನ್ನೂ ನೋಡೋಣ. ಸಾಡೇಸಾತಿಯೆಂದರೆ ಶನಿ ಮೂರು ರಾಶಿಗಳನ್ನು ದಾಟುವ ಏಳೂವರೆ ವರ್ಷ. ಹನ್ನೆರಡರಲ್ಲಿ ಮೂರು ರಾಶಿಯವರಿಗೆ, ಎಂದರೆ ಲೋಕದ ಕಾಲುಭಾಗ ಜನರಿಗೆ, ಸದಾ ಸಾಡೇಸಾತಿ ನಡೆಯುತ್ತಲೇ ಇರುತ್ತದೆ. ಯಾವ ಊರಿನಲ್ಲಿ ಯಾವ ವರ್ಷ ಕಷ್ಟಪಡುವವರು ಕಾಲುಭಾಗಕ್ಕಿಂತ ಕಡಿಮೆಯಿರುತ್ತಾರೆ? ಹನ್ನೆರಡನೆಯ ಶತಮಾನದ ಶರಣರು ವಾರ ತಿಥಿಗಳ ಶುಭಾಶುಭವನ್ನು ನಿರಾಕರಿಸಿದ್ದನ್ನು ವೇದಿಕೆಯ ಮೇಲೆ ಹೊಗಳಿ, ಮನೆಗೆ ಬಂದು ಮಗಳ ಸಂಬಂಧಕ್ಕೆ ಶನಿಯನ್ನು ಅಡ್ಡ ತರುವ ತಂದೆಯರನ್ನು ನಾನು ಕಂಡಿದ್ದೇನೆ. ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬನನ್ನು “ಈ ವರ್ಷ ಕಾಲ ಸರಿಯಿಲ್ಲ” ಎಂದು ಪರೀಕ್ಷೆಗೆ ಕೂರಿಸದೆ ಉಳಿಸಿಕೊಂಡದ್ದನ್ನೂ ಕಂಡಿದ್ದೇನೆ. ಮುಂದಿನ ವರ್ಷ ಆತ ತೋಟದ ಕೆಲಸಕ್ಕೆ ಹೋದ, ಶಾಲೆಗೆ ಮರಳಲಿಲ್ಲ. ಇಂಥ ಭಯವನ್ನು ಬೈದು ಓಡಿಸಲಾಗದು. ಶನಿಯನ್ನು ಒಮ್ಮೆ ಕಣ್ಣಾರೆ ನೋಡಿ, ಅವನ ಸ್ಥಾನವನ್ನು ಕೈಯಾರೆ ಬರೆದಿಟ್ಟ ಮಗು ಮಾತ್ರ ಆ ಭಯದಿಂದ ಪಾರಾದೀತು.

ಆದುದರಿಂದ ಆಡಳಿತ ಮಂಡಲಿಯವರ ಮುಂದೆ ಒಂದು ಸಲಹೆಯನ್ನಿಡುತ್ತೇನೆ. ಶಾಲೆಯಲ್ಲಿ ಗುರು–ಶನಿಗಳಿಗೆಂದೇ ಒಂದು ದಪ್ಪ ಪುಸ್ತಕವನ್ನು ಇಡಬೇಕು. ತಿಂಗಳಿಗೆರಡು ಸಲ ಎಂಟನೆಯ ತರಗತಿಯ ಮಕ್ಕಳು ಅವುಗಳ ಸ್ಥಾನವನ್ನು ನಕ್ಷತ್ರಗಳ ನಡುವೆ ಗುರುತಿಸಿ, ದಿನಾಂಕ, ತಿಥಿ, ಸಂವತ್ಸರಗಳೊಡನೆ ಬರೆಯಬೇಕು. ದೃಗ್ಗಣಿತದ ಪಂಚಾಂಗವನ್ನೂ ಹಳೆಯ ಪದ್ಧತಿಯ ಪಂಚಾಂಗವನ್ನೂ ಪಕ್ಕದಲ್ಲಿಟ್ಟುಕೊಂಡು, ಗುರು ರಾಶಿ ಬದಲಿಸುವ ದಿನದಲ್ಲಿ ಎರಡಕ್ಕೂ ಎಷ್ಟು ಅಂತರವೆಂದು ನೋಡಬೇಕು. ಒಬ್ಬ ಮನುಷ್ಯನ ಆಯುಷ್ಯಕ್ಕೆ ಈ ಕೆಲಸ ದೊಡ್ಡದು. ಒಂದು ಶಾಲೆಯ ಆಯುಷ್ಯಕ್ಕೆ ದೊಡ್ಡದಲ್ಲ. ಇಂಥ ತಾಳ್ಮೆ ಈ ನೆಲಕ್ಕೆ ಹೊಸದೇನೂ ಅಲ್ಲ. ಬಿದನೂರಿನ ಶಿವಪ್ಪನಾಯಕನು ತನ್ನ ಹೆಸರಾಂತ ಶಿಸ್ತನ್ನು ನಿಗದಿಮಾಡುವ ಮುನ್ನ ಬಗೆಬಗೆಯ ಭೂಮಿಯಲ್ಲಿ ಹನ್ನೆರಡು ವರ್ಷ ಎಡೆಬಿಡದೆ ಬೆಳೆ ತೆಗೆಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲುಗಳ ಲೆಕ್ಕವನ್ನು ಬರೆಯಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಗುರುವಿನ ಒಂದು ಸುತ್ತಿನಷ್ಟು ಕಾಲ!

ಜೂನಿನಿಂದ ಸೆಪ್ಟೆಂಬರಿನವರೆಗೆ ಪುಸ್ತಕದ ಪುಟಗಳು ಖಾಲಿಯಿರುತ್ತವೆ. ನಮ್ಮ ಮಳೆಗೆ ಗುರುವೂ ಇಲ್ಲ, ಶನಿಯೂ ಇಲ್ಲ. “ಮೋಡ” ಎಂದಷ್ಟೇ ಬರೆದು ಸಹಿ ಮಾಡಿದರಾಯಿತು. ಮುಂದಿನ ಯುತಿ 2040ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಕನ್ಯಾರಾಶಿಯಲ್ಲಿ ನಡೆಯಲಿದೆ. ಸೂರ್ಯೋದಯಕ್ಕೆ ಮುನ್ನ ಮೂಡಣ ದಿಕ್ಕಿನಲ್ಲಿ ಕೆಳಗೆ ನೋಡಬೇಕು. ಆ ತಿಂಗಳಲ್ಲಿ ಬೆಳಗಿನ ಜಾವದ ಮಂಜು ಇಲ್ಲಿ ದಟ್ಟವಾಗಿರುತ್ತದೆ. ಆದ್ದರಿಂದ ಒಂದು ವಾರ ಮೊದಲಿನಿಂದಲೇ ಕೋಟೆಯ ದಿಣ್ಣೆಗೆ ಹತ್ತುವುದು ಒಳ್ಳೆಯದು.